ಗೂಡ್ಸ್ ಗಾಡಿಗೆ ಸಿಕ್ಕ ಲೆಕ್ಕ

ಗೂಡ್ಸ್ ಗಾಡಿ ಕೂಗಿದರೆ ನಾನು ಈಗಲೂ ಮಾತು ನಿಲ್ಲಿಸಿಬಿಡುತ್ತೇನೆ. ಹೋದ ತಿಂಗಳು ಯಶವಂತಪುರದಲ್ಲಿ ನನ್ನ ತಂಗಿಯ ಮೊಮ್ಮಗನ ಗೃಹಪ್ರವೇಶ. ಹನ್ನೊಂದನೆಯ ಮಹಡಿ, ಗಾಳಿ ಬೆಳಕಿಗೆ ಕೊರತೆಯಿಲ್ಲ. ಊಟಕ್ಕೆ ಕೂತು ಪಕ್ಕದವರಿಗೆ ಏನೋ ಹೇಳುತ್ತಿದ್ದೆ, ಕೆಳಗೆ ಯಾರ್ಡಿನಿಂದ ಕೂಗು ಬಂತು. ನಾನು ಬಾಯಿ ಅರ್ಧ ತೆರೆದು, ಹುಳಿಯನ್ನ ಮೆತ್ತಿದ ಬೆರಳನ್ನು ಮೇಲೆತ್ತಿ, ಹಾಗೇ ಕೂತುಬಿಟ್ಟೆ. ಪಕ್ಕದವರು ಗಾಬರಿಯಾದರು. ಯಾರೋ ನೀರು ತಂದರು, ಇನ್ಯಾರೋ ನಾಡಿ ಹಿಡಿದರು. ಗಾಡಿ ದಾಟಿದ ಮೇಲೆ ಬಿಟ್ಟ ಪದದಿಂದಲೇ ಮಾತು ಮುಂದುವರಿಸಿದೆ. ಇದೇನು ತಾತ ಹೀಗೆ ಅಂದ ಹುಡುಗನಿಗೆ, ಇದು ನನ್ನ ಇಂಜಿನಿಯರಿಂಗ್ ವಿದ್ಯೆ ಕಣಪ್ಪ, ಕಲಿತದ್ದರಲ್ಲಿ ಇದೊಂದೇ ಗಟ್ಟಿಯಾಗಿ ಉಳಿದಿರುವುದು ಅಂದೆ. ಎಲ್ಲರೂ ನಕ್ಕರು. ನಾನು ನಗಿಸಲಿಕ್ಕೆ ಹೇಳಿದ್ದಲ್ಲ.

ಆ ಕಟ್ಟಡ ಎದ್ದಿರುವ ಆಸುಪಾಸಿನಲ್ಲೇ, ಅರವತ್ತರ ದಶಕದ ಮೊದಮೊದಲಲ್ಲಿ ನಮ್ಮ ಕಾಲೇಜಿತ್ತು. ಕಾಲೇಜು ಅನ್ನುವುದು ಉಪಚಾರದ ಮಾತು. ರೈಲ್ವೆ ಯಾರ್ಡಿನ ಬೆನ್ನಿಗೆ ಒಂದು ಹಳೆಯ ಕಡಲೆಕಾಯಿ ಗೋದಾಮು. ಅದಕ್ಕೆ ಸುಣ್ಣ ಬಳಿದು, ನಡುವೆ ಹಲಗೆ ನಿಲ್ಲಿಸಿ ನಾಲ್ಕು ಕೋಣೆ ಮಾಡಿ, ಬಾಗಿಲಿಗೆ ಬೋರ್ಡು ತಗುಲಿಸಿದ್ದರು. ಮಾಲಿಕತ್ವ ಬದಲಾದ ಸಂಗತಿಯನ್ನು ಹೆಗ್ಗಣಗಳಿಗೆ ಯಾರೂ ತಿಳಿಸಿರಲಿಲ್ಲ. ತಗಡಿನ ಸೂರು. ಬೇಸಿಗೆಯಲ್ಲಿ ಒಳಗೆ ಕೂತರೆ ಹಂಚಿನ ಮೇಲೆ ಕೂತ ಹಾಗೆ, ಮಳೆಗಾಲದಲ್ಲಿ ತಮಟೆಯೊಳಗೆ ಕೂತ ಹಾಗೆ. ದೇಶ ಕಟ್ಟುವುದಕ್ಕೆ ಇಂಜಿನಿಯರುಗಳು ಬೇಕು ಎಂದು ಆಗ ಎಲ್ಲರೂ ಭಾಷಣ ಮಾಡುತ್ತಿದ್ದರು. ಭಾಷಣ ಕೇಳಿ ಯಾರ್ಯಾರೋ ಕಾಲೇಜು ತೆರೆದರು. ನಮ್ಮದನ್ನು ತೆರೆದವರು ಅಕ್ಕಿ ಗಿರಣಿ ಇಟ್ಟಿದ್ದವರು. ಪ್ರಿನ್ಸಿಪಾಲರಾಗಿ ತಮ್ಮ ಭಾವಮೈದುನರನ್ನು ತಂದು ಕೂರಿಸಿದ್ದರು. ಅವರು ನಿವೃತ್ತ ಅಮಲ್ದಾರರು, ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಪಹಣಿ, ಖಾತೆ, ಕಂದಾಯ ನೋಡಿದವರು. ಇಂಜಿನಿಯರಿಂಗಿಗೂ ಅವರಿಗೂ ಇದ್ದ ನಂಟೆಂದರೆ ಅವರ ಕೋಣೆಯ ಮೇಜಿನ ಕಾಲೊಂದು ಮುರಿದು, ಅದಕ್ಕೆ ಒಂದು ಸರ್ವೆ ಚೈನು ಸುತ್ತಿ ಕಟ್ಟಿದ್ದದ್ದು.

ಎರಡನೆಯ ವರ್ಷ ನಮಗೆ ಅಪ್ಲೈಡ್ ಕ್ಯಾಲ್ಕುಲಸ್. ಬದಲಾಗುತ್ತ ಹೋಗುವ ವಸ್ತುಗಳನ್ನು ಲೆಕ್ಕಕ್ಕೆ ಹಿಡಿಯುವ ಶಾಸ್ತ್ರ ಅದು. ಆರುತ್ತಿರುವ ಕಾಫಿ, ಓಡುತ್ತಿರುವ ಬಸ್ಸು, ಇಳಿಯುತ್ತಿರುವ ನೀರು, ಎಲ್ಲ ಅದರೊಳಗೆ ಬರುತ್ತದೆ. ನಮ್ಮ ಕಾಲೇಜಿನಲ್ಲಿ ಬದಲಾಗದೆ ಇದ್ದದ್ದು ಆ ಶಾಸ್ತ್ರದ ಪಾಠವೊಂದೇ. ನಂಜುಂಡಯ್ಯನವರು ಅಂತ ಮೇಷ್ಟ್ರು. ಕ್ಲೋಸ್ ಕಾಲರಿನ ಕೋಟು, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ನೋಟ್ಸು. ಅವರು ಗಣಿತ ಕಲಿಸುತ್ತಿರಲಿಲ್ಲ, ಬರೆಸುತ್ತಿದ್ದರು. ಬಂದು ಕೂತು ಕನ್ನಡಕ ಏರಿಸಿದರೆ ಕಾಮಾ, ಫುಲ್‌ಸ್ಟಾಪು, ಅಡಿಗೆರೆ ಸಮೇತ ಗಂಟೆ ಹೊಡೆಯುವ ತನಕ ಇಂಗ್ಲಿಷಿನಲ್ಲಿ ಡಿಕ್ಟೇಶನ್ನು. ಕರಿಹಲಗೆಗೆ ಅವರು ಸೀಮೆಸುಣ್ಣ ತಾಕಿಸಿದ್ದನ್ನು ನಾನು ಆ ವರ್ಷ ಎರಡು ಸಲ ನೋಡಿದ್ದೇನೆ. ಎರಡು ಸಲವೂ ತಾರೀಖು ಬರೆದರು.

ಗಾಡಿ ಕೂಗಿದರೆ ಮಾತ್ರ ಬೆರಳೆತ್ತಿ ನಿಲ್ಲುತ್ತಿದ್ದರು. ವ್ಯಾಗನ್ನುಗಳು ಒಂದೊಂದಾಗಿ ದಾಟಿ, ಸೂರಿನ ತಗಡು ನಡುಗುವುದು ನಿಂತ ಮೇಲೆ, ಬಿಟ್ಟ ಪದದಿಂದ ಹಿಡಿಯುತ್ತಿದ್ದರು. ಮೊದಲ ಬ್ಯಾಚಿನವರ ಕಾಲದಲ್ಲಿ ಈ ಉಪಕಾರವೂ ಇರಲಿಲ್ಲವಂತೆ. ಆಗ ಗಾಡಿ ಬಂದರೂ ಅವರ ತುಟಿ ಆಡುತ್ತಲೇ ಇರುತ್ತಿತ್ತು, ಮಾತು ಗಾಲಿಯ ಕೆಳಗೆ ಹೋಗುತ್ತಿತ್ತು. ಹುಡುಗರು ನೋಟ್ಸಿನಲ್ಲಿ ನಾಲ್ಕು ಗೆರೆ ಜಾಗ ಬಿಟ್ಟು, ಪಕ್ಕದಲ್ಲಿ ‘ಗೂಡ್ಸ್’ ಅಂತ ಬರೆದು, ಮುಂದಕ್ಕೆ ಹೋಗುತ್ತಿದ್ದರು. ಆಮೇಲೆ ಯಾರನ್ನಾದರೂ ಕೇಳಿ ತುಂಬಿಸಿಕೊಳ್ಳುವುದು. ಎಲ್ಲರದೂ ಗೂಡ್ಸೇ ಆಗಿದ್ದರೆ ಯಾರನ್ನು ಕೇಳುವುದು? ಹಾಗೇ ಬಿಡುವುದು.

ಇದೆಲ್ಲ ನನಗೆ ಗೊತ್ತಿದ್ದದ್ದು ನಮ್ಮಣ್ಣನಿಂದ. ಅವನು ಮೊದಲ ಬ್ಯಾಚಿನವನು. ನಾನು ಸೇರುವ ಹೊತ್ತಿಗೆ ಅವನಿಗೆ ಭದ್ರಾವತಿಯಲ್ಲಿ ಕೆಲಸವಾಗಿ ಹೊರಟುಹೋಗಿದ್ದ, ಅವನ ಕ್ಯಾಲ್ಕುಲಸ್ ನೋಟ್ಸು ಮನೆಯಲ್ಲೇ ಟ್ರಂಕಿನಲ್ಲಿತ್ತು. ಆ ನೋಟ್ಸಿಗೊಂದು ಚರಿತ್ರೆಯಿದೆ. ಕಾಲೇಜಿನ ಮೂರನೆಯ ಮಳೆಗಾಲದಲ್ಲಿ ಸೂರು ಸೋರಿ ನಂಜುಂಡಯ್ಯನವರ ಬೀರು ತೊಯ್ದು, ಅವರ ನೋಟ್ಸು ರೊಟ್ಟಿಹಿಟ್ಟಿನ ಮುದ್ದೆಯಾಯಿತು. ಇನ್ನೊಬ್ಬರಾಗಿದ್ದರೆ ಒಂದು ಪುಸ್ತಕ ತೆರೆದು ಹೊಸದಾಗಿ ಬರೆದುಕೊಳ್ಳುತ್ತಿದ್ದರು. ಅಂಥ ಯೋಚನೆ ಅವರ ತಲೆಯ ಹತ್ತಿರ ಸುಳಿಯಲಿಲ್ಲ. ನಮ್ಮಣ್ಣನನ್ನು ಕರೆದು, ನೀನು ನೀಟಾಗಿ ಬರೆಯುವವನು, ನಾನು ಬರೆಸಿದ್ದನ್ನು ಕೊಡು ಅಂದರು. ದಸರಾ ರಜೆಯೆಲ್ಲ ಕೂತು ಅದನ್ನು ನಕಲು ಮಾಡಿಕೊಂಡು, ಕಂದು ಕಾಗದದ ಹೊದಿಕೆ ಹಾಕಿ ವಾಪಸು ಕೊಟ್ಟರು. ನಕಲಾದ ಪುಟಕ್ಕೆಲ್ಲ ಹಸಿರು ಇಂಕಿನಲ್ಲಿ ಟಿಕ್ಕು. ಅಂದರೆ ನಮಗೆ ಅವರು ಬರೆಸುತ್ತಿದ್ದದ್ದು ಅವರು ಬರೆಸಿದ್ದನ್ನು ಹುಡುಗನೊಬ್ಬ ಬರೆದುಕೊಂಡದ್ದನ್ನು ಅವರು ಬರೆದುಕೊಂಡದ್ದು. ಎಂಜಲು ಅನ್ನಲಿಕ್ಕೂ ಬಾಯಿ ಬರುವುದಿಲ್ಲ. ಎಂಜಲಾದರೂ ಒಂದೇ ಸಲದ್ದು.

ನಕ್ಕುಬಿಡಬಹುದಾಗಿತ್ತು. ನಾನು ನಗಲಿಲ್ಲ, ಉಪಯೋಗಿಸಿಕೊಂಡೆ. ನಾಳೆಯ ಪಾಠವನ್ನು ಇವತ್ತೇ ಉರುಹೊಡೆದು ಹೋಗಿ, ಮೇಷ್ಟ್ರು ಮುಂದಿನ ಸಾಲಿಗೆ ತಡವರಿಸಿದರೆ ಸಾಕು, ಎದ್ದು ನಿಂತು ನಾನೇ ಹೇಳುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, ಬುದ್ಧಿ ಅಂದರೆ ಇದು ಕಣ್ರಯ್ಯ ಅನ್ನುತ್ತಿದ್ದರು. ಅವರದೇ ಮಾತು ಅವರಿಗೇ ತಿರುಗಿ ಬಂದದ್ದು ಅವರಿಗೆ ಬುದ್ಧಿಯಾಗಿ ಕಂಡಿತು. ಹುಡುಗರು ನನಗೆ ‘ನೆಕ್ಸ್ಟ್ ಸ್ಟೇಷನ್’ ಅಂತ ಹೆಸರಿಟ್ಟರು. ನಾನು ಆ ಹೆಸರನ್ನು ಬಿರುದಿನ ಹಾಗೆ ಹೊತ್ತು ತಿರುಗಿದೆ.

ಮುನಿಯಪ್ಪ ನನ್ನ ಪಕ್ಕದಲ್ಲಿ ಕೂರುತ್ತಿದ್ದ. ಕೊಡಿಗೇಹಳ್ಳಿಯಿಂದಾಚೆಗೆ ಯಲಹಂಕದ ದಾರಿಯ ಒಂದು ಹಳ್ಳಿಯವನು. ದಿನಾ ಸೈಕಲ್ಲಿನಲ್ಲಿ ಹೆಬ್ಬಾಳದ ಏರಿ ದಾಟಿ ಬರುತ್ತಿದ್ದ. ಎತ್ತರದ ಆಳು, ಬೆಂಚಿಗೂ ಮೇಜಿಗೂ ನಡುವೆ ಅವನ ಮಂಡಿ ಹಿಡಿಸುತ್ತಿರಲಿಲ್ಲ, ಪಕ್ಕಕ್ಕೆ ತಿರುಗಿಸಿಕೊಂಡು ಕೂರುತ್ತಿದ್ದ. ಅವನ ತಂದೆ ಊರಿನ ನೀರಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು ಅವರ ಮನೆತನಕ್ಕೆ ಬಂದ ಕೆಲಸ. ಮುನಿಯಪ್ಪನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಬರೆದುಕೊಂಡದ್ದನ್ನು ಓದಿ ನೋಡುತ್ತಿದ್ದ. ಐವತ್ತು ಜನರ ಕ್ಲಾಸಿನಲ್ಲಿ ಇನ್ಯಾರಿಗೂ ಆ ಚಟವಿರಲಿಲ್ಲ.

ಹಿಂಗಾರು ಹಿಡಿದ ದಿನಗಳು. ಅವತ್ತಿನ ಲೆಕ್ಕ ಒಂದು ತೊಟ್ಟಿಯದು. ತೊಟ್ಟಿಯ ತಳದಲ್ಲಿ ಇಷ್ಟು ಅಗಲದ ತೂತು, ನೀರು ಇಷ್ಟು ಎತ್ತರ, ತೊಟ್ಟಿ ಖಾಲಿಯಾಗಲು ಎಷ್ಟು ಹೊತ್ತು ಬೇಕು? ನೀರು ಇಳಿದ ಹಾಗೆಲ್ಲ ರಭಸವೂ ಇಳಿಯುವುದರಿಂದ ಸುಮ್ಮನೆ ಭಾಗಾಕಾರ ಮಾಡಿದರೆ ಆಗುವುದಿಲ್ಲ, ಕ್ಯಾಲ್ಕುಲಸ್ಸೇ ಬೇಕು. ಮೇಷ್ಟ್ರು ಅರ್ಧಕ್ಕೆ ಬರುವ ಹೊತ್ತಿಗೇ ನಾನು ಎದ್ದು ಕೊನೆಯ ಉತ್ತರ ಒಪ್ಪಿಸಿದೆ. ಶಹಬಾಸ್ ಅಂದರು. ಆಗ ಪಕ್ಕದಲ್ಲಿ ಮುನಿಯಪ್ಪ ಕಿಸಕ್ಕನೆ ನಕ್ಕ.

ಯಾಕಯ್ಯ ನಗು ಅಂತ ಮೇಷ್ಟ್ರು ಕೇಳಿದರು. ಅವನು ಮಂಡಿ ಬಿಡಿಸಿಕೊಂಡು ಎದ್ದು ನಿಂತ.

“ಸಾ, ಈ ಉತ್ತರದಾಗೆ ತೂತಿನ ಅಗಲ ಭಾಗಿಸೋ ಕಡೆ ಇಲ್ದೆ ಗುಣಿಸೋ ಕಡೆ ಐತೆ. ಅಂದ್ರೆ ತೂತು ದೊಡ್ಡದಾದಷ್ಟೂ ಖಾಲಿ ಆಗೋಕೆ ಜಾಸ್ತಿ ವೊತ್ತು ಬೇಕಾಯ್ತದೆ. ಅಂಗಿದ್ರೆ ನಮ್ಮಪ್ಪ ನೀರು ಉಳಿಸೋಕೆ ತೂಬು ಯಾಕ್ ಮುಚ್ತಾನೆ ಸಾ, ಇನ್ನೊಂದು ತೂಬು ಕೊರೆದ್ರೆ ಆಯ್ತಲ್ಲ.”

ಕ್ಲಾಸು ಹೋ ಅಂತ ನಕ್ಕಿತು. ನನ್ನ ಕಿವಿ ಬಿಸಿಯಾಯಿತು, ಯಾಕೆಂದರೆ ಉತ್ತರ ಹೇಳಿದವನು ನಾನು. ಮೇಷ್ಟ್ರು ನಗು ಅಡಗುವ ತನಕ ಕಾದು, ನಿಮ್ಮಪ್ಪ ಏನಯ್ಯ ಮಾಡೋದು ಅಂದರು. ನೀರಗಂಟಿ ಸಾ ಅಂದ.

“ಹಾಗಾದ್ರೆ ತೂಬಿನ ಬುದ್ಧಿ ತೂಬಿನ ಹತ್ರಾನೇ ಬಿಟ್ಟು ಬಾ. ಇದು ಕ್ಯಾಲ್ಕುಲಸ್ಸು.”

ಮತ್ತೆ ಕ್ಲಾಸು ನಕ್ಕಿತು, ಈ ಸಲ ಜೋರಾಗಿ. ಅದೇ ಜನ. ಅದೇ ಬಾಯಿ. ಆ ನಗುವಿನಲ್ಲಿ ನನ್ನದೂ ಒಂದು ಪಾಲಿತ್ತು.

ಅವತ್ತು ಸಂಜೆ ಮಳೆ ಹಿಡಿದುಕೊಂಡಿತು. ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಮುನಿಯಪ್ಪ ನಮ್ಮ ಜಗಲಿಗೆ ಬಂದು ನಿಂತ. ಬೆಳಗಿನ ಮಾತಿಗೆ ಅವನಲ್ಲಿ ಸಿಟ್ಟೇ ಇರಲಿಲ್ಲ. ಆ ಉತ್ತರ ಎಲ್ಲಿಂದ ಬಂತು ಅನ್ನುವ ಕುತೂಹಲ ಮಾತ್ರ ಕೊರೆಯುತ್ತಿತ್ತು. ತಪ್ಪು ದಾರೀಲಿ ಓಗೋಕೂ ಒಂದು ದಾರಿ ಬೇಕಲ್ಲ ಕಂಠಿ, ಇವ್ರು ಎಂಗೆ ಓದ್ರು ಅಂತ ಒಂದೇ ಸಮನೆ ಕೇಳಿದ. ನನಗೆ ಏನನ್ನಿಸಿತೋ, ಒಳಗೆ ಹೋಗಿ ಟ್ರಂಕು ತೆರೆದು ಅಣ್ಣನ ನೋಟ್ಸು ತಂದೆ. ನಾನೂ ಆ ಪುಟವನ್ನು ಸರಿಯಾಗಿ ನೋಡಿದ್ದು ಆಗಲೇ. ಲೆಕ್ಕ ಅರ್ಧಕ್ಕೆ ನಿಂತಿತ್ತು. ನಾಲ್ಕು ಗೆರೆ ಖಾಲಿ, ಪಕ್ಕದಲ್ಲಿ ಅಣ್ಣನ ಅಕ್ಷರದಲ್ಲಿ ‘ಗೂಡ್ಸ್’. ಆ ಖಾಲಿ ಜಾಗದಲ್ಲಿ ನಂಜುಂಡಯ್ಯನವರ ಹಸಿರು ಇಂಕು. ಗಾಡಿ ಬರುವ ಮುಂಚೆ ಅಣ್ಣನ ಕೈಗೆ ಸಿಕ್ಕಿದ್ದ ಸಂಖ್ಯೆ ಅಕ್ಷರಗಳನ್ನೆಲ್ಲ ಒಂದಕ್ಕೊಂದು ಗುಣಿಸಿ, ಕೆಳಗೆ ಎರಡು ಗೆರೆ ಎಳೆದು, ಉತ್ತರ ಅಂತ ಬರೆದಿದ್ದರು. ತಾವೇ ಹಿಂದೆ ಸರಿಯಾಗಿ ಬರೆಸಿದ್ದ ಲೆಕ್ಕ ಅದು. ಮಧ್ಯೆ ಒಂದು ಗೂಡ್ಸ್ ಗಾಡಿ ಹಾದದ್ದೇ ತಡ, ಅದನ್ನು ಮಾಡುವುದು ಹೇಗೆಂದು ಅವರಿಗೇ ತಿಳಿಯಲಿಲ್ಲ.

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಮುನಿಯಪ್ಪ ಪುಟ ತಿರುಗಿಸಿದ, ಇನ್ನೊಂದು ತಿರುಗಿಸಿದ, ನಾನು ಕ್ಲಾಸಿನಲ್ಲಿ ಎದ್ದು ಹೇಳಿದ್ದ ಸಾಲುಗಳೆಲ್ಲ ಅಲ್ಲಿದ್ದವು. ಅವನಿಗೆ ಅರ್ಥವಾಯಿತು. ನನ್ನ ಮುಖ ನೋಡಿದ. ಪುಸ್ತಕ ಮುಚ್ಚಿ, ಮಳೆ ಒಸಿ ಬಿಟ್ಟಂಗೈತೆ ಅಂತ ಎದ್ದ. ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ.

ಮುಂದಿನ ಭಾನುವಾರ ಅವನ ಊರಿಗೆ ಕರೆದುಕೊಂಡು ಹೋದ. ಆ ವರ್ಷ ಕೆರೆ ಅರ್ಧಕ್ಕೇ ತುಂಬಿತ್ತು. ಏರಿಯ ಒಳಮೈಯಲ್ಲಿ ತೂಬಿನ ಕಲ್ಲುಕಂಬ, ಅದರ ಮೇಲೆ ಗೆರೆ ಗೆರೆ. ಅವರಪ್ಪ, ಅವರಜ್ಜ ತೂಬು ಬಿಟ್ಟ ದಿನಗಳಲ್ಲಿ ನೀರಿನ ಮಟ್ಟಕ್ಕೆ ದಿನಕ್ಕೊಂದು ಗೀಚಿದ್ದು. ಮುನಿಯಪ್ಪ ಒಂದು ಕಡ್ಡಿ ಹಿಡಿದು ನೀರ ಮೇಲಕ್ಕಿದ್ದ ಗೆರೆಗಳನ್ನು ತೋರಿಸಿದ. ಗೆರೆಗಳ ನಡುವಿನ ಅಂತರ ಕೆಳಗೆ ಬರುತ್ತ ಬರುತ್ತ ಹೆಚ್ಚುತ್ತಿತ್ತು. ನೀರು ಕಡಿಮೆಯಾದಾಗ ತೂಬಿನಲ್ಲಿ ಜೋರು ಕಡಿಮೆ, ಅಂದ ಮೇಲೆ ಇಳಿಯುವುದೂ ನಿಧಾನವಾಗಬೇಕಲ್ಲ ಅಂತ ನಾನು ಜಾಣತನ ತೋರಿಸಿದೆ. “ಅದು ಬಕೀಟಿಗೆ ಕಣಪ್ಪ. ಕೆರೆ ಬಕೀಟಲ್ಲ, ತಟ್ಟೆ. ಕೆಳಕ್ಕೆ ಓದಂಗೆಲ್ಲ ನೀರಿನ ಅಗಲಾನೂ ಕಮ್ಮಿ ಆಯ್ತದೆ. ಜೋರು ಒಂದು ಕಡೆ ಎಳೀತದೆ, ಅಗಲ ಒಂದು ಕಡೆ ಎಳೀತದೆ. ಯಾವುದು ಗೆಲ್ತದೆ ಅಂತ ದಿನದಿನಕ್ಕೂ ನೋಡ್ಕಂಡು ಕೂಡಿಸಿದ್ರೆ, ಅದೇ ಅಲ್ವ ಆ ಉದ್ದನೆ ಎಸ್ಸು” ಅಂದ. ಇಂಟಿಗ್ರಲ್ ಚಿಹ್ನೆಯನ್ನು ಅವನು ಉದ್ದನೆ ಎಸ್ಸು ಅನ್ನುತ್ತಿದ್ದ. ಇಡೀ ವರ್ಷದಲ್ಲಿ ನನಗೆ ಕ್ಯಾಲ್ಕುಲಸ್ ಅರ್ಥವಾದದ್ದು ಆ ಏರಿಯ ಮೇಲೆ ಆ ಐದು ನಿಮಿಷ. ಮಿಕ್ಕದ್ದೆಲ್ಲ ನಾಲಿಗೆಯ ಕಸರತ್ತು.

ಅವರಪ್ಪ ಏರಿಯ ಮೇಲೆ ಕುಂಟುತ್ತ ಬಂದರು. ವರ್ಷಗಟ್ಟಲೆ ತಣ್ಣೀರಿಗೆ ಇಳಿದು ಇಳಿದು ಮಂಡಿ ಹೋಗಿತ್ತು. ಊರಿನ ಗೌಡರು ತೂಬಿಗೆ ಬೇರೆ ಜನ ನೋಡುವ ಮಾತು ಆಗಲೇ ಆಡಿದ್ದರಂತೆ. ಮಗ ಈ ವರ್ಷದ ಪರೀಕ್ಷೆ ಕಟ್ಟಿ ಮುಂದಕ್ಕೆ ಹೋದರೆ ಸರಿ, ಇಲ್ಲದಿದ್ದರೆ ಅವನೇ ಬಂದು ತೂಬಿನ ಗೂಟ ಹಿಡಿಯಬೇಕು, ಅದೂ ಆಗದಿದ್ದರೆ ಕೆಲಸವೂ ಅದರ ಜೊತೆಯ ತುಂಡು ಜಮೀನೂ ಬೇರೆ ಮನೆಗೆ. ಮುದುಕಪ್ಪ ನನ್ನನ್ನು ನೋಡಿ ಕೈಮುಗಿದರು. ಹದಿನೆಂಟು ವರ್ಷದವನಿಗೆ ಆ ವಯಸ್ಸಿನವರು ಕೈಮುಗಿದದ್ದನ್ನು ನಾನು ಸಹಜವೆಂದೇ ತಗೊಂಡೆ.

“ಈ ತೂಬಿಗೆ ಇಳಿಯೋದು ನನ್ನ ತಲೆಗೇ ಮುಗೀಲಿ ಸ್ವಾಮಿ. ನೀವು ಬಲ್ಲೋರು. ಇವನ್ನ ಒಸಿ ನೋಡ್ಕಳಿ.”

ನೋಡಿಕೊಳ್ಳುತ್ತೇನೆ ಅಂದೆ.

ಸಂಕ್ರಾಂತಿ ಕಳೆದ ಮೇಲೆ ಸೆಷನಲ್ ಟೆಸ್ಟು. ಅದರಲ್ಲಿ ಪಾಸಾಗದವನನ್ನು ವಾರ್ಷಿಕ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಪ್ರಶ್ನೆ ಹಾಕುವವರು, ತಿದ್ದುವವರು ಇಬ್ಬರೂ ನಂಜುಂಡಯ್ಯನವರೇ. ಮೊದಲ ಪ್ರಶ್ನೆಯೇ ತೊಟ್ಟಿ. ಬೇಕೆಂದೇ ಕೇಳಿದ್ದರು, ಯಾರಿಗಾಗಿ ಕೇಳಿದ್ದರು ಅನ್ನುವುದು ಕ್ಲಾಸಿಗೆಲ್ಲ ಗೊತ್ತಿತ್ತು. ಬಾಗಿಲ ಹತ್ತಿರ ಮುನಿಯಪ್ಪನಿಗೆ ನಾನು ಮೊದಲೇ ಹೇಳಿದ್ದೆ, ಅವರು ಬರೆಸಿದ್ದನ್ನು ಅವರ ಮುಖಕ್ಕೆ ಬರೆದು ಬಿಸಾಕು, ಪಾಸಾಗಿ ಆಚೆ ಹೋದ ಮೇಲೆ ಕೆರೆಗೆ ಎಷ್ಟು ತೂಬು ಬೇಕಾದರೂ ಕೊರಿ ಅಂತ. ಆಯ್ತು ಕಣಪ್ಪ ಅಂದಿದ್ದ. ನಾನು ಹಸಿರು ಇಂಕಿನ ಉತ್ತರವನ್ನು ಒಂದಕ್ಷರ ತಪ್ಪದೆ ಬರೆದೆ. ಕ್ಲಾಸಿನ ಐವತ್ತು ಜನರಲ್ಲಿ ನಲವತ್ತೊಂಬತ್ತು ಜನ ಅದನ್ನೇ ಬರೆದರು. ನಾಳೆ ಸೇತುವೆ ಕಟ್ಟಬೇಕಾದವರು, ಅಣೆಕಟ್ಟು ಕಟ್ಟಬೇಕಾದವರು. ದೊಡ್ಡ ತೂತಿನಲ್ಲಿ ನೀರು ನಿಧಾನ ಹೋಗುತ್ತದೆ ಅಂತ ಸಹಿ ಹಾಕಿ ಕೊಟ್ಟ ಹಾಗೆ ಬರೆದು, ಆಚೆ ಬಂದು ಕಡಲೆಪುರಿ ತಿಂದೆವು.

ಮುನಿಯಪ್ಪ ಸರಿಯಾದದ್ದನ್ನು ಬರೆದಿದ್ದ. ಯಾಕೋ ಹೀಗೆ ಮಾಡಿದೆ ಅಂದರೆ, ಬರೆಯೋಕೆ ಅಂತ ಓದೆ ಕಣಪ್ಪ, ಕೈ ಓಗ್ಲಿಲ್ಲ ಅಂದ. ಪೌರುಷವಲ್ಲ. ಹಠವೂ ಅಲ್ಲ. ಅವನಿಗೆ ಅದು ಬರೆಯಲು ಬರಲಿಲ್ಲ, ಅಷ್ಟೆ. ತೊಟ್ಟಿಯ ಪ್ರಶ್ನೆಗೆ ಸೊನ್ನೆ ಬಿತ್ತು. ಒಟ್ಟಿನಲ್ಲಿ ಮೂರು ಮಾರ್ಕಿಗೆ ಫೇಲು. ನನಗೆ ಕ್ಲಾಸಿಗೆ ಮೊದಲನೆಯ ಸ್ಥಾನ.

ಅವನು ಪ್ರಿನ್ಸಿಪಾಲರ ಕೋಣೆಗೆ ಹೋದ. ನಾನು ಹೊರಗಿನ ಪಡಸಾಲೆಯಲ್ಲಿ ನಿಂತಿದ್ದೆ. ಹಲಗೆ ಗೋಡೆಯಾದ್ದರಿಂದ ಒಳಗಿನದೆಲ್ಲ ಕೇಳುತ್ತಿತ್ತು. ಅಮಲ್ದಾರರು ಕೆಟ್ಟವರಲ್ಲ. ತೂಬಿನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ನಂಜುಂಡಯ್ಯನವರನ್ನು ಕರೆಸಿದರು. ಮೇಷ್ಟ್ರು ಇದು ಹೈಯರ್ ಮ್ಯಾಥಮ್ಯಾಟಿಕ್ಸು, ತಮ್ಮ ಗುರುಗಳಿಂದ ಬಂದ ಕ್ರಮ, ಸಾಮಾನ್ಯ ಪುಸ್ತಕಗಳಲ್ಲಿ ಬೇರೆ ಕ್ರಮ ಇರಬಹುದು, ಕ್ಲಾಸಿನಲ್ಲಿ ಹೇಳಿಕೊಟ್ಟದ್ದನ್ನು ಬರೆಯದವನಿಗೆ ಮಾರ್ಕು ಕೊಡುವ ಪದ್ಧತಿಯಿಲ್ಲ ಅಂದರು. ಅಮಲ್ದಾರರು ಹೇಳಿದರು:

“ನೋಡಪ್ಪ ಮುನಿಯಪ್ಪ, ನನಗೆ ಕೆರೆ ಗೊತ್ತು, ಕ್ಯಾಲ್ಕುಲಸ್ ಗೊತ್ತಿಲ್ಲ. ಕೆರೆ ಪ್ರಕಾರ ನೀನು ಹೇಳೋದು ಸರಿ. ಕ್ಯಾಲ್ಕುಲಸ್ ಪ್ರಕಾರ ಇವರು ಹೇಳೋದೇ ಸರಿ ಇದ್ದರೂ ಇರಬಹುದು. ನಾನು ಬಾಯಿಮಾತಿನ ಮೇಲೆ ಯಾವತ್ತೂ ಖಾತೆ ಬದಲಾಯಿಸಿದವನಲ್ಲ. ದಾಖಲೆ ಇದೆಯಾ?”

ಮುನಿಯಪ್ಪ ಐತೆ ಸಾ ಅಂದ. ಇವರ ನೋಟ್ಸು ಗುರುಗಳಿಂದ ಬಂದದ್ದಲ್ಲ, ಹಳೇ ಹುಡುಗನೊಬ್ಬನ ನೋಟ್ಸಿನಿಂದ ಬಂದದ್ದು, ಅದರಲ್ಲಿ ಈ ಉತ್ತರದ ಜಾಗ ಖಾಲಿಯಿತ್ತು, ಇವರ ಕೈಬರಹದಲ್ಲೇ ತುಂಬಿದ್ದಾರೆ ಅಂದ. ಯಾರ ನೋಟ್ಸು ಅಂತ ಕೇಳಿದ್ದಕ್ಕೆ ಹೆಸರು ಹೇಳಲಿಲ್ಲ. ಅವರನ್ನ ಕೇಳಿ ತರ್ತೀನಿ ಸಾ, ನಾನೇ ಎಸರು ಏಳೋದು ಸರಿಯಲ್ಲ ಅಂದ. ನಂಜುಂಡಯ್ಯನವರ ಕಡೆಯಿಂದ ಒಂದು ಮಾತೂ ಇಲ್ಲ. ಅಮಲ್ದಾರರು ಅದನ್ನು ಗಮನಿಸಿದರು ಅಂತ ಕಾಣುತ್ತದೆ. ಶನಿವಾರ ಮಧ್ಯಾಹ್ನದೊಳಗೆ ಆ ನೋಟ್ಸು ನನ್ನ ಮೇಜಿನ ಮೇಲಿದ್ದರೆ ನಿನ್ನ ಪೇಪರು ಬೇರೆಯವರ ಕೈಲಿ ತಿದ್ದಿಸ್ತೀನಿ, ಇಲ್ಲದಿದ್ರೆ ಈ ಪಟ್ಟಿಗೇ ರುಜು ಹಾಕ್ತೀನಿ ಅಂದರು. ಅವತ್ತು ಬುಧವಾರ.

ಮುನಿಯಪ್ಪ ಆಚೆ ಬಂದ. ಮುಖ ಅರಳಿತ್ತು. ಕಂಠಿ, ಅಣ್ಣನ ನೋಟ್ಸು ಒಂದು ದಿನಕ್ಕೆ ಬೇಕು ಕಣಪ್ಪ ಅಂದ. ನನ್ನ ಉತ್ತರದ ಬಗ್ಗೆ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ, ಆಗಲೇ ಸೈಕಲ್ಲಿನ ಬೀಗ ತೆಗೆಯುತ್ತಿದ್ದ.

ನಾನು ಏನೇನು ಯೋಚಿಸಿದೆ ಅಂತ ಹೇಳಿ ನಿಮ್ಮ ಹೊತ್ತು ಕೆಡಿಸುವುದಿಲ್ಲ. ಆ ನೋಟ್ಸು ಆ ಮೇಜಿನ ಮೇಲೆ ಬಿದ್ದರೆ ನಂಜುಂಡಯ್ಯನವರ ಬಂಡವಾಳ ಬಯಲಾಗುತ್ತಿತ್ತು, ಅದರ ಬೆನ್ನಿಗೇ ನನ್ನದೂ. ಬುದ್ಧಿ ಅಂದರೆ ಇದು ಕಣ್ರಯ್ಯ ಅನ್ನಿಸಿಕೊಂಡವನು ಕಳ್ಳಗಿಂಡಿಯಲ್ಲಿ ಇಣುಕುತ್ತಿದ್ದ ಅಂತ ಇಡೀ ಗೋದಾಮಿಗೆ ಗೊತ್ತಾಗುತ್ತಿತ್ತು. ಅದೊಂದೇ. ಹೆದರಿಸಿದವರಿಲ್ಲ, ಆಸೆ ತೋರಿಸಿದವರಿಲ್ಲ. ನಾನು ಆ ನಂಜುಂಡಯ್ಯನವರನ್ನು ಇಷ್ಟು ಹೊತ್ತು ಆಡಿಕೊಂಡೆನಲ್ಲ, ಅವರು ಗೊತ್ತಿಲ್ಲದೆ ತಪ್ಪು ಬರೆಸಿದವರು.

“ಅಯ್ಯೋ, ಅದೆಲ್ಲಿದೆಯೋ ಮುನಿಯಪ್ಪ. ಹೋದ ವಾರ ನಮ್ಮಮ್ಮ ಟ್ರಂಕು ಕ್ಲೀನ್ ಮಾಡಿ ಹಳೇ ಪೇಪರಿನವನಿಗೆ ಹಾಕ್ಬಿಟ್ರು.”

ಅವನ ಕೈ ಬೀಗದ ಮೇಲೇ ನಿಂತಿತು. ಆಮೇಲೆ, ಯಾವ ಪೇಪರಿನವನು ಅಂತ ಕೇಳಿದ. ಸುಳ್ಳಿಗೆ ಒಂದು ಆಕಾರ ಕೊಡದಿದ್ದರೆ ನಿಲ್ಲುವುದಿಲ್ಲವಲ್ಲ. ಬಿಳಿ ಗಡ್ಡದವನು, ಹೆಗಲ ಮೇಲೆ ಗೋಣಿ, ಕಾಲು ಸ್ವಲ್ಪ ಎಳೆದು ಹಾಕ್ತಾನೆ ಅಂದೆ.

ಆ ಶನಿವಾರ ಪಟ್ಟಿಗೆ ರುಜು ಬಿತ್ತು. ಮುನಿಯಪ್ಪ ವಾರ್ಷಿಕ ಪರೀಕ್ಷೆಗೆ ಕೂರಲಿಲ್ಲ. ಯುಗಾದಿಯ ಹೊತ್ತಿಗೆ ಅವನು ತೂಬಿಗೆ ಇಳಿಯುತ್ತಿದ್ದಾನೆ ಅಂತ ಯಾರೋ ಹೇಳಿದರು. ಅವರಪ್ಪ ಏರಿಯ ಮೇಲೆ ಕೂತು ನೋಡುತ್ತಿರುತ್ತಾರೆ ಅಂತಲೂ ಹೇಳಿದರು. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ನಗಬೇಡಿ, ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ. ನೂರಾರು ತೂಬುಗಳ ನಕ್ಷೆಗೆ ನನ್ನ ಸಹಿಯಿದೆ. ಸಹಿ ಹಾಕುವಾಗ ಕೆಳಗಿನವರು ಮಾಡಿಟ್ಟ ಲೆಕ್ಕವನ್ನು ನಾನು ಓದಿ ನೋಡುತ್ತಿದ್ದೆ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಯಲಹಂಕದ ಕಡೆಯ ಫೈಲು ಬಂದಾಗ ಮಾತ್ರ ಸ್ಥಳ ತನಿಖೆಗೆ ಬೇರೆಯವರನ್ನು ಕಳಿಸಿದೆ.

ಅವನನ್ನು ನಾನು ಕೊನೆಯ ಸಲ ನೋಡಿದ್ದು ಆ ಶುಕ್ರವಾರ ಸಂಜೆ. ಐದು ಗಂಟೆಯಿರಬೇಕು, ಜಗಲಿಯ ಮೇಲೆ ಬಿಸಿಲಿತ್ತು. ಗುರುವಾರ ಶುಕ್ರವಾರ ಎರಡು ದಿನ ಅವನು ಕ್ಲಾಸಿಗೆ ಬಂದಿರಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದು ಕೂತ. ಮೊಣಕೈ ತನಕ ಕಪ್ಪು, ಕಣ್ರೆಪ್ಪೆಯ ಮೇಲೂ ಧೂಳು. ಯಶವಂತಪುರ, ಮತ್ತಿಕೆರೆ, ಮಲ್ಲೇಶ್ವರದ ರದ್ದಿ ಅಂಗಡಿಗಳನ್ನೆಲ್ಲ ಸುತ್ತಿದ್ದನಂತೆ. ಮಂಡಿಯೂರಿ ಕೂತು, ಕಟ್ಟು ಕಟ್ಟು ಬಿಚ್ಚಿ, ಮತ್ತೆ ಹಾಗೇ ಕಟ್ಟಿಟ್ಟು. ಒಬ್ಬ ಅಂಗಡಿಯವನು ಬೈದು ಓಡಿಸಿದನಂತೆ, ಇನ್ನೊಬ್ಬ ಟೀ ಕುಡಿಸಿದನಂತೆ.

“ಆ ಬಿಳಿ ಗಡ್ಡದವನು ಸಿಕ್ಕಿದ ಕಣಪ್ಪ” ಅಂದ.

ಎಲ್ಲಿ ಅಂತ ಕೇಳಿದೆ.

“ಗೊರಗುಂಟೆಪಾಳ್ಯದ ತಾವ. ನೀನೇಳ್ದಂಗೇ ಕಾಲು ಎಳೀತಾನೆ. ಪಾಪ, ಗೋಣಿಯೆಲ್ಲ ರಸ್ತೇಲೇ ಸುರಿದು ನನ್ನ ಜೊತೆ ತಾನೂ ಕೂತು ಉಡುಕಿದ. ನಿಮ್ಮ ಬೀದಿಗೆ ಬಂದೇ ಇಲ್ಲ ಅಂತಾನೆ. ವಯಸ್ಸಾಗದೆ, ಮರ್ತಿರ್ತಾನೆ.”

ಆ ನೋಟ್ಸು ಅವನು ಒರಗಿ ಕೂತಿದ್ದ ಗೋಡೆಯ ಆಚೆಗೆ, ನನ್ನ ಹಾಸಿಗೆಯ ಕೆಳಗಿತ್ತು. ಎದ್ದು ಎಂಟು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ನಾನು, ಛೆ, ಎಂಥ ಕೆಲಸ ಆಯ್ತು ನೋಡು ಅಂದೆ.

ಅಷ್ಟರಲ್ಲಿ ಅಮ್ಮ ಅವನಿಗೆ ತಟ್ಟೆಯಲ್ಲಿ ಉಪ್ಪಿಟ್ಟು ತಂದರು. ಅವನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು, ಅಮ್ಮನಿಗೆ ಟ್ರಂಕು ಕ್ಲೀನ್ ಮಾಡಿದ್ದೂ ಗೊತ್ತಿಲ್ಲ, ಪೇಪರಿನವನೂ ಗೊತ್ತಿಲ್ಲ. ಇದೇನೋ ಮುನಿಯಪ್ಪ ಕೈಯೆಲ್ಲ ಮಸಿ ಅಂತ ಅವರೇ ಕೇಳಿದರು. ಸೈಕಲ್ ಚೈನು ಬಿಚ್ಕೊಂಡಿತ್ತು ಅಮ್ಮಾವ್ರೆ ಅಂದ. ಬಚ್ಚಲ ಹತ್ತಿರ ಹೋಗಿ ಕೈ ತೊಳೆದು ಬಂದು, ತಟ್ಟೆ ಖಾಲಿಯಾಗುವ ತನಕ ತಲೆಯೆತ್ತದೆ ತಿಂದ. ಬೆಳಗಿನಿಂದ ಏನೂ ತಿಂದಿರಲಿಲ್ಲ ಅಂತ ಕಾಣುತ್ತದೆ. ಅಮ್ಮ ಇನ್ನೊಂದಿಷ್ಟು ತರುತ್ತೇನೆ ಅಂತ ಒಳಗೆ ಹೋದರು. ಆಗ ಅವನು ನನ್ನ ಕಡೆ ಬಾಗಿ, ಒಳಗೆ ಕೇಳಿಸದ ಹಾಗೆ ಹೇಳಿದ:

“ಅಮ್ಮಾವ್ರನ್ನ ಏನೂ ಅನ್ಬೇಡ ಕಣಪ್ಪ. ಪಾಪ, ಅವ್ರಿಗೆ ಏನ್ ಗೊತ್ತು.”

ಇಲ್ಲ, ಏನೂ ಅನ್ನಲ್ಲ ಅಂದೆ.